ಅಕ್ಕುತಾಯಿ ಹಾಕಿದ ಎಂಟು

ಕಾಗವಾಡದಿಂದ ಅಥಣಿಯ ಕಡೆ ಹೊರಟರೆ ದ್ರಾಕ್ಷಿ ತೋಟಗಳ ಸಾಲು ಮುಗಿದು ಕಬ್ಬು ಶುರುವಾಗುವ ಮೊದಲು ಗರಸು ಮಣ್ಣಿನ ಒಂದು ಬರಡು ಮಡ್ಡಿ ಬರುತ್ತದೆ. ಯಾರನ್ನು ಕೇಳಿದರೂ ಅದು ರಾಣವ್ವನ ಮಡ್ಡಿ ಎನ್ನುತ್ತಾರೆ. ರಾಣವ್ವನ ಗುಡಿ ಎಲ್ಲಿ ಎಂದರೆ ಮಡ್ಡಿಯ ತುದಿಯಲ್ಲಿ ಸುಣ್ಣ ಬಳಿದು ಕುಂಕುಮ ಹಚ್ಚಿದ ಗಿಡ್ಡ ಕಂಬವೊಂದನ್ನು ತೋರಿಸುತ್ತಾರೆ. ಹೊಸ ಗಾಡಿ ತಂದವರು ಮೊದಲು ಅಲ್ಲಿ ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಆಮೇಲೆ ಮನೆಗೆ ಹೋಗುತ್ತಾರೆ. ಈ ಭಕ್ತಿಯನ್ನೆಲ್ಲ ನೋಡುತ್ತ ಸೆರಗು ಬಾಯಿಗೆ ಒತ್ತಿಕೊಂಡು ನಗು ನುಂಗುವವಳು ಅಕ್ಕುತಾಯಿ ಒಬ್ಬಳೇ. ಮಡ್ಡಿಯ ಅಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಗೊತ್ತು, ರಾಣವ್ವ ಯಾವ ದೇವಿಯೂ ಅಲ್ಲ. ಅದು ರನ್‌ವೇ.

ಅವಳ ಅಪ್ಪ ಮಾಳು ಆ ವಿಮಾನ ನಿಲ್ದಾಣದ ಕಾವಲುಗಾರನಾಗಿದ್ದ. ವಿಮಾನ ನಿಲ್ದಾಣ ಎಂದ ಕೂಡಲೇ ಕಣ್ಣು ಅಗಲ ಮಾಡಬೇಡಿ. ಒಂದು ಡಾಂಬರಿನ ಪಟ್ಟಿ, ತಗಡಿನ ಮಾಡಿನ ಒಂದು ಕೋಣೆ, ಕೋಣೆಯ ಮುಂದೆ ಎರಡು ಬೆಂಚು, ಗಾಳಿಯ ದಿಕ್ಕು ತಿಳಿಯಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ. ಅಷ್ಟೇ. ಸಕ್ಕರೆ ಕಾರಖಾನೆಗಳು ಒಂದರ ಹಿಂದೊಂದು ತಲೆ ಎತ್ತುತ್ತಿದ್ದ ಕಾಲದಲ್ಲಿ, ಬೆಳಿಗ್ಗೆ ಕೊಯ್ದ ದ್ರಾಕ್ಷಿಯನ್ನು ಸಂಜೆಗೆ ಮುಂಬೈಯವರ ತಟ್ಟೆಗೆ ಮುಟ್ಟಿಸಬಹುದೆಂದು ಯಾರೋ ದೊಡ್ಡವರಿಗೆ ಹೊಳೆಯಿತಂತೆ. ಹೊಳೆದದ್ದೇ ತಡ, ರೋಲರ್ ಬಂತು, ಡಾಂಬರು ಬಂತು, ಒಂದು ದಿನ ಆಕಾಶದಿಂದ ಒಂದು ಸಣ್ಣ ವಿಮಾನವೂ ಬಂತು. ಇಳಿದ ಸಾಹೇಬರು ಮಾಳುವಿಗೆ ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ, ಒಂದು ಕಸಬರಿಗೆ ಕೊಟ್ಟು, "ರನ್‌ವೇ ಸ್ವಚ್ಛ ಇರಬೇಕು, ದನ ನಾಯಿ ಬರಬಾರದು" ಎಂದು ಹೇಳಿ ಹೋದರು.

ಮಾಳುವಿನ ನಾಲಿಗೆಯ ಮೇಲೆ ರನ್‌ವೇ ಎರಡೇ ದಿನಕ್ಕೆ ರಾಣವ್ವ ಆಯಿತು. ಅವನು ಬೆಳಗಾಗುತ್ತಲೇ ಎದ್ದು, ಹೊಸ ಡಾಂಬರು ಕೆಡಬಾರದೆಂದು ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಈ ತುದಿಯಿಂದ ಆ ತುದಿಯವರೆಗೆ ಗುಡಿಸುತ್ತಿದ್ದ. ಯಾರಾದರೂ ಎಮ್ಮೆ ಹೊಡೆದುಕೊಂಡು ಬಂದರೆ, "ರಾಣವ್ವನ ಮ್ಯಾಲ ಕಾಲ ಇಡಬ್ಯಾಡ್ರೋ!" ಎಂದು ಕೂಗುತ್ತಿದ್ದ. ಚಪ್ಪಲಿ ಬಿಟ್ಟು ಗುಡಿಸುವವನನ್ನು ನೋಡಿದ, ಅವನ ಕೂಗು ಕೇಳಿದ ಜನ ಬೇರೆ ಏನು ತಿಳಿದುಕೊಳ್ಳಬೇಕು? ವರ್ಷ ತುಂಬುವಷ್ಟರಲ್ಲಿ ರನ್‌ವೇ ತುದಿಯ ಗಿಡ್ಡ ಗಡಿಕಂಬಕ್ಕೆ ಕುಂಕುಮ ಬಿದ್ದಿತ್ತು. ಮಾಳುವಿನ ಮನೆಯಲ್ಲಿ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. "ಒಳಗ ದೇವರ ಇಲ್ಲಂತ ಅಂಗಳದಾಗ ಒಬ್ಬಾಕಿ ತಾನ ಹುಟ್ಟಿ ಬಂದಾಳ ನೋಡ" ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದನಂತೆ.

ವಾರಕ್ಕೊಮ್ಮೆ ವಿಮಾನ ಬರುವ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಸಣ್ಣ ಅಕ್ಕುತಾಯಿಯ ಕೆಲಸ ಓಡುವುದು. ಆಕಾಶದಲ್ಲಿ ಗುಂಯ್ ಎಂದು ಕೇಳಿದ ತಕ್ಷಣ ಅವಳು ಲಂಗ ಎತ್ತಿ ಕಟ್ಟಿ, ಪಟ್ಟಿಯ ಉದ್ದಕ್ಕೂ ನೆಟ್ಟಗೆ ಓಡಿ, ನಾಯಿ ಕೋಳಿ ಆಡು ಏನಿದ್ದರೂ ಅಟ್ಟಬೇಕು. ಒಂದು ಸಲ ದೊಡ್ಡ ರೈತ ರಾವಸಾಹೇಬರ ಎಮ್ಮೆ ರನ್‌ವೇಯ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ಅಪ್ಪ ಕೊಂಬು ಹಿಡಿದು ಎಳೆದ, ಮಗಳು ಬಾಲ ತಿರುವಿದಳು, ಎಮ್ಮೆ ಏಳಲಿಲ್ಲ. ಮೇಲೆ ವಿಮಾನ ಸುತ್ತು ಹೊಡೆದೇ ಹೊಡೆಯಿತು. ಕೊನೆಗೆ ರಾವಸಾಹೇಬರೇ ಪಂಚೆ ಎತ್ತಿಕೊಂಡು ಓಡಿಬಂದು, "ಏಳ ನಮ್ಮವ್ವ, ಮುಂಬೈದಿಂದ ಮಂದಿ ಬಂದಾರ" ಎಂದು ಬೇಡಿಕೊಂಡ ಮೇಲೆ ಅದು ಎದ್ದು, ಮೈ ಮುರಿದು, ತನ್ನ ಪಾಡಿಗೆ ನಡೆಯಿತು. ಇಳಿದ ಪೈಲಟ್ ಸಿಟ್ಟಿನಿಂದ ಕೆಂಪಾಗಿದ್ದ. ಮಾಳುವಿನ ಹೆಂಡತಿ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಕೊಟ್ಟಳು. ಮುಂದಿನ ವಾರ ಅವನು ಬಾಗಿಲು ತೆಗೆದವನೇ ಮೊದಲು ಕೇಳಿದ್ದು ಝುಣಕ.

ಆದರೆ ಝುಣಕದ ಬಲದ ಮೇಲೆ ವಿಮಾನ ನಿಲ್ದಾಣ ಎಷ್ಟು ದಿನ ನಡೆದೀತು? ಹತ್ತಲು ಜನವಿರಲಿಲ್ಲ. ದ್ರಾಕ್ಷಿಯೇನೋ ಹೋಗುತ್ತಿತ್ತು, ಆದರೆ ಮೀರಜದಲ್ಲಿ ರೈಲಿಗೆ ಹಾಕಿದರೂ ಅದು ಮುಂಬೈಗೇ ಹೋಗುತ್ತಿತ್ತು. ಒಂದು ವಾರ ವಿಮಾನ ಬಂದು ಹೋಯಿತು, ಮರುವಾರ ಬರಲಿಲ್ಲ, ಅದರ ಮರುವಾರವೂ ಬರಲಿಲ್ಲ. ಬಂದ್ ಆಯಿತೆಂದು ಯಾರೂ ಬಂದು ಹೇಳಲಿಲ್ಲ. ಮಾಳು ಗುಡಿಸುತ್ತಲೇ ಇದ್ದ. ಮಳೆಗಾಲ ಮುಗಿದ ಮೇಲೆ ಒಂದು ಲಾರಿ ಬಂದು ಬೆಂಚು, ದ್ರಾಕ್ಷಿ ತೂಗುವ ತಕ್ಕಡಿ, ಕೋಣೆಯ ಬಾಗಿಲು ಕೂಡ ಕಿತ್ತುಕೊಂಡು ಹೋದಾಗ ಅವನಿಗೆ ತಿಳಿಯಿತು. ಅವನನ್ನು ರಸ್ತೆ ಇಲಾಖೆಯ ಗ್ಯಾಂಗಿಗೆ ಸೇರಿಸಿದರು. ಹೊಟ್ಟೆಗೆ ತೊಂದರೆಯಾಗಲಿಲ್ಲ, ಆದರೆ ಸಾಯುವತನಕ ಗುಂಯ್ ಎಂದು ಎಲ್ಲಾದರೂ ಕೇಳಿದರೆ ಊಟದ ತಟ್ಟೆ ಬಿಟ್ಟು ಹೊರಗೆ ಬರುತ್ತಿದ್ದ. ಬಂದು ನೋಡಿದರೆ ಅದು ಯಾರದೋ ಹಿಟ್ಟಿನ ಗಿರಣಿ.

ರಾಣವ್ವ ಮಾತ್ರ ಒಂದು ದಿನವೂ ಖಾಲಿ ಬೀಳಲಿಲ್ಲ. ಸುತ್ತಲಿನ ಹಳ್ಳಿಗಳವರು ಗೋವಿನಜೋಳ ಒಣಗಿಸಲು ಬಂದರು, ಹುಡುಗರು ಕ್ರಿಕೆಟ್ ಆಡಲು ಬಂದರು, ಎತ್ತಿನ ಗಾಡಿ ಓಡಿಸುವ ಶರ್ಯತ್ತಿನವರು ಎತ್ತು ಪಳಗಿಸಲು ಬಂದರು. ಅಕ್ಕುತಾಯಿಗೆ ಮದುವೆಯಾಗಿ, ಗಂಡ ರಾಜಾರಾಮ ಮನೆಯಳಿಯನಾಗಿ ಬಂದು, ಮಗ ವಿಶ್ವಾಸ ಹುಟ್ಟಿದ. ಮಗುವಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದ ಸಿಸ್ಟರ್ ನೀಲಮ ತನ್ನ ಮೊಪೆಡ್ಡನ್ನು ಅವಳ ಅಂಗಳದಲ್ಲಿ ಬಿಟ್ಟು, ಮುಂದಿನ ಕೆಸರು ದಾರಿ ನಡೆದು ಹೋಗುತ್ತಿದ್ದಳು. ಒಂದು ದಿನ ಅಕ್ಕುತಾಯಿ ಆಕಡೆ ಈಕಡೆ ನೋಡಿ ಅದರ ಮೇಲೆ ಹತ್ತಿ ಕೂತಳು. ಹತ್ತಿದ ಮೇಲೆ ಅದು ಹೋಯಿತು. ಹೇಗೆ ನಿಲ್ಲಿಸುವುದೆಂದು ತಿಳಿಯದೆ ರಾಣವ್ವನ ಉದ್ದಕ್ಕೂ ಹೋಗಿ ರಾವಸಾಹೇಬರ ಮೇವಿನ ಬಣವೆಗೆ ನುಗ್ಗಿ ನಿಂತಳು. ತಲೆಯ ತುಂಬ ಕಣಕಿ ಅಂಟಿಸಿಕೊಂಡು ಹೊರಬಂದವಳನ್ನು ನೋಡಿ, ಸದ್ದಿಗೆ ಓಡಿಬಂದ ಸಿಸ್ಟರ್ ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕುತಾಯಿ, "ಸಿಸ್ಟರ್, ಇನ್ನೊಮ್ಮಿ ಹೋಗಲ್ರೀ?" ಎಂದು ಕೇಳಿದಳು.

ಅಲ್ಲಿಂದ ಶುರುವಾದದ್ದು ಅವಳ ಶಾಲೆ. ಅದಕ್ಕೆ ಬೋರ್ಡಿಲ್ಲ, ಹೆಸರಿಲ್ಲ. ಮೊದಲು ಅಂಗನವಾಡಿ ಟೀಚರ್ ಬಂದಳು, ಆಮೇಲೆ ಆಶಾ ಕಾರ್ಯಕರ್ತೆಯರು, ಹಾಲಿನ ಡೇರಿಯವಳು, ದ್ರಾಕ್ಷಿ ಆರಿಸುವ ಕೆಲಸದವರು, ಲಗ್ನ ಗೊತ್ತಾದ ಹುಡುಗಿಯರು. ರಾಯಬಾಗ, ನಿಪ್ಪಾಣಿಯ ಕಡೆಯವರು ನೆಂಟರ ಮನೆಗೆ ಬಂದು ಉಳಿದು ಕಲಿತು ಹೋದರು. ಗಂಡಸರ ಕಣ್ಣಿಲ್ಲದೆ, ಲಾರಿ ಬಸ್ಸಿನ ಭಯವಿಲ್ಲದೆ, ಸೀರೆ ಕಚ್ಚೆ ಹಾಕಿ ಕಲಿಯಲು ರಾಣವ್ವನಂಥ ಜಾಗ ಎಲ್ಲಿ ಸಿಗಬೇಕು? ಅಕ್ಕುತಾಯಿ ಅಪ್ಪನ ಹಸಿರು ಬಾವುಟ ಬೀಸಿದರೆ ಹೊರಡಬೇಕು, ಕೆಂಪು ಬಾವುಟ ಎತ್ತಿದರೆ ನಿಲ್ಲಬೇಕು. ಅವಳ ಪಾಠ ಎರಡೇ ಮಾತು. "ಎದಿ ಗಟ್ಟಿ ಮಾಡ್ರಿ. ಮುಂದ ನೋಡ್ರಿ." ಕಲಿತವರು ಬೆಲ್ಲ ತಂದುಕೊಟ್ಟರು, ದ್ರಾಕ್ಷಿ ತಂದುಕೊಟ್ಟರು. ಎದುರಿಗೆ ಸಿಕ್ಕರೆ "ಮಾಸ್ತರಬಾಯಿ" ಎಂದು ಕರೆದರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅಕ್ಕುತಾಯಿಗೆ ಒಳಗೊಳಗೇ ಹಿಗ್ಗು.

ಈ ಶಾಲೆಗೆ ಒಂದೇ ಒಂದು ಐಬು ಇತ್ತು. ಅಲ್ಲಿ ಕಲಿತವರು ಬಾಣ ಬಿಟ್ಟಂತೆ ನೆಟ್ಟಗೆ ಹೋಗುತ್ತಿದ್ದರು, ಬ್ರೇಕು ಹಿಡಿದರೆ ನಿಂತಲ್ಲೇ ನಿಲ್ಲುತ್ತಿದ್ದರು, ಆದರೆ ತಿರುಗಲು ಬರುತ್ತಿರಲಿಲ್ಲ. ರಾಣವ್ವ ನೆಟ್ಟಗಿದ್ದಾಳೆ, ತಿರುವು ಎಂಬುದಿಲ್ಲ. ತುದಿಯಲ್ಲಿ ವಿಮಾನ ತಿರುಗಲೆಂದು ಮಾಡಿದ ಬಯಲಿದೆ, ಅಲ್ಲಿ ಕಣದಲ್ಲಿ ಎತ್ತು ಸುತ್ತಿದ ಹಾಗೆ ದೊಡ್ಡದಾಗಿ ಸುತ್ತಿ ಬಂದರೆ ಮುಗಿಯಿತು. ಹಾಗಾಗಿ ಓಣಿಯಲ್ಲಿ ಯಾವಳಾದರೂ ಸ್ಕೂಟರಿನಿಂದ ಇಳಿದು, ಹಿಂದಿನ ಚಕ್ರ ಎತ್ತಿ, ಗಾಡಿಯನ್ನು ಕೈಯಿಂದ ತಿರುಗಿಸಿಕೊಂಡು ಮತ್ತೆ ಹತ್ತಿ ಹೊರಟಳೆಂದರೆ, ಅವಳು ಅಕ್ಕುತಾಯಿಯ ಕೈಯಲ್ಲಿ ಕಲಿತವಳೆಂದು ಜನ ಗುರುತು ಹಿಡಿಯುತ್ತಿದ್ದರು. ಸತ್ತಿಯ ಕಾಳವ್ವ ಕಲಿತ ಹೊಸತರಲ್ಲಿ ಅಥಣಿಯ ಸಂತೆ ಮುಗಿಸಿ ಊರಿಗೆ ಹೊರಟವಳು ತಿರುಗಬೇಕಾದ ಕಡೆ ತಿರುಗದೆ ನೆಟ್ಟಗೆ ಹೋಗಿಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಗಂಡನಿಗೆ ಫೋನು ಬಂತು. "ನಾ ಎಲ್ಲಿ ಅದೇನಿ ಗೊತ್ತಾಗವಲ್ದು. ಬೋರ್ಡಿನ ಮ್ಯಾಲ ವಿಜಯಪುರ ಅಂತ ಬರದಾರ. ನೀವ ಬಂದು ತಿರಗಿಸಿ ಕೊಡ್ರಿ." ಈ ಮಾತು ಐದು ತಾಲೂಕಿನಲ್ಲಿ ತಿರುಗಾಡಿತು. ಕಾಳವ್ವ ತಿರುಗದಿದ್ದರೂ ಅವಳ ಮಾತು ಚೆನ್ನಾಗಿ ತಿರುಗಿತು.

ಅಕ್ಕುತಾಯಿ ಇದನ್ನು ಕೇಳಿ ನಕ್ಕಳೇ ಹೊರತು ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಅವಳು ಸ್ವತಃ ರಾಣವ್ವನನ್ನು ಬಿಟ್ಟು ರಸ್ತೆಗೆ ಗಾಡಿ ಇಳಿಸಿದವಳೇ ಅಲ್ಲ. ಕಾಗವಾಡಕ್ಕೆ ಹೋಗಬೇಕಾದರೆ ಬಸ್ಸು, ಇಲ್ಲವೆಂದರೆ ಸೊಸೆ ಪ್ರಾಜಕ್ತಾಳ ಸ್ಕೂಟರಿನ ಹಿಂದಿನ ಸೀಟು. ಮಾಸ್ತರಬಾಯಿಗೆ ಲೈಸೆನ್ಸೇ ಇಲ್ಲ ಎಂಬುದು ಮನೆಯವರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಜೀಪು ಬಂದು ನಿಂತಿತು. ಅದರಿಂದ ರೂಪೇಶ ಎಂಬ ಎಂಜಿನಿಯರ್ ಇಳಿದ. ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಅತ್ತ ಇತ್ತ ನೋಡಿ, ಜೋಳದ ರಾಶಿಗಳ ನಡುವೆ ದಾರಿ ಮಾಡಿಕೊಂಡು ಅಕ್ಕುತಾಯಿಯ ಅಂಗಳಕ್ಕೆ ಬಂದ.

"ಅಮ್ಮಾರ, ಒಂದು ಸುದ್ದಿ ಹೇಳಬೇಕ್ರಿ. ಈ ನಿಲ್ದಾಣ ಮತ್ತ ಚಾಲೂ ಆಗತೈತಿ. ಇಲ್ಲಿ ಶಾಲಿ ಮಾಡ್ತಾರ. ವಿಮಾನ ಹಾರಸೂದು ಕಲಸೂ ಶಾಲಿ."

"ಶಾಲಿ ಇಲ್ಲಿ ಆಗಲೇ ಐತಲ್ರಿ" ಎಂದಳು ಅಕ್ಕುತಾಯಿ.

ರೂಪೇಶ ತಿರುಗಿ ನೋಡಿದ. ರನ್‌ವೇಯ ಮೇಲೆ ದಪ್ಪನೆಯ ಹೆಂಗಸೊಬ್ಬಳು ಹಲ್ಲು ಕಚ್ಚಿ, ಕಣ್ಣು ಪಿಳುಕಿಸದೆ, ಸ್ಕೂಟರಿನ ಮೇಲೆ ನೆಟ್ಟಗೆ ಹೋಗುತ್ತಿದ್ದಳು. ಅವನು ನಕ್ಕ. ಒಳ್ಳೆಯ ಹುಡುಗ, ಚಹಾ ಕುಡಿದ, ಅವಳ ಅಪ್ಪನ ಕತೆ ಕೇಳಿದ, ಎಮ್ಮೆಯ ಕತೆಗೆ ಹೊಟ್ಟೆ ಹಿಡಿದುಕೊಂಡ. ಆದರೆ ಹೋಗುವಾಗ ಹೇಳಬೇಕಾದ್ದನ್ನು ಹೇಳಿಯೇ ಹೋದ. ದೀಪಾವಳಿ ಪಾಡ್ಯಾ ಮುಗಿಯುತ್ತಲೇ ಸುತ್ತಲೂ ತಂತಿ ಬೇಲಿ ಬರುತ್ತದೆ. ಮನೆಗೆ ತೊಂದರೆಯಿಲ್ಲ, ಮನೆ ಬೇಲಿಯ ಹೊರಗೆ. ಆದರೆ ರನ್‌ವೇಯ ಮೇಲೆ ಇನ್ನು ಯಾರೂ ಕಾಲಿಡುವಂತಿಲ್ಲ.

ಆ ಸಂಜೆ ಅಕ್ಕುತಾಯಿ ಬೆಚ್ಚಗಿದ್ದ ಡಾಂಬರಿನ ಮೇಲೆ ಕಾಲು ಚಾಚಿ ಕೂತಳು. ಅವಳಿಗೆ ಸಂತೋಷವೂ ಆಗಿತ್ತು, ಸಂಕಟವೂ ಆಗಿತ್ತು. ಅಪ್ಪ ಇದ್ದಿದ್ದರೆ ಇವತ್ತು ಕುಣಿಯುತ್ತಿದ್ದ. ಆದರೆ ವಿಮಾನ ಬಂದರೆ ಮಾಸ್ತರಬಾಯಿ ಎಲ್ಲಿಗೆ ಹೋಗಬೇಕು? ಬೇಲಿಯಾಚೆ ನಿಂತು ಬೇರೆಯವರ ಶಾಲೆ ನೋಡುತ್ತ ಜೋಳ ಒಕ್ಕಬೇಕೇ?

ದಾರಿ ತೋರಿಸಿದವಳು ಪ್ರಾಜಕ್ತಾ. ತಾಲೂಕು ಆಸ್ಪತ್ರೆಯಲ್ಲಿ ಗುಮಾಸ್ತೆಯಾಗಿದ್ದ ಅವಳಿಗೆ ನಾಲ್ಕು ಕಡೆಯ ಸುದ್ದಿ ತಿಳಿಯುತ್ತಿತ್ತು. ಕಾಗವಾಡದ ಮಹಿಳಾ ಒಕ್ಕೂಟದವರು ಹೈಸ್ಕೂಲು ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸುವ ವರ್ಗ ತೆರೆಯುವವರಿದ್ದರು. ಕಲಿಸಲು ಅಕ್ಕುತಾಯಿಯೇ ಬೇಕೆಂದು ಅಧ್ಯಕ್ಷೆಯ ಹಟ. ಅವಳೂ ರಾಣವ್ವನ ಮೇಲೆ ಕಲಿತವಳೇ. "ನೀವ ಬರ್ರಿ ಮಾಸ್ತರಬಾಯಿ, ಬ್ಯಾರೆ ಯಾರಿಲ್ಲ. ಲೈಸೆನ್ಸಿಂದೊಂದು ಝೆರಾಕ್ಸ್ ಕೊಟ್ಟಬಿಡ್ರಿ, ಅಷ್ಟ" ಎಂದು ಅಧ್ಯಕ್ಷೆ ಫೋನಿನಲ್ಲಿ ಹೇಳಿದಾಗ ಅಕ್ಕುತಾಯಿ, "ಹ್ಞೂಂ, ಕೊಡತೇನಿ" ಎಂದು ಫೋನು ಇಟ್ಟು, ಸೊಸೆಯ ಮುಖ ನೋಡಿದಳು. ವರ್ಗ ಶುರುವಾಗುವುದರೊಳಗೆ ಲೈಸೆನ್ಸ್ ಆಗದಿದ್ದರೆ ಬೇರೆ ಯಾರನ್ನಾದರೂ ಕರೆಯುತ್ತಾರೆ. ಅಲ್ಲಿಗೆ ಅವಳ ಮಾಸ್ತರಿಕೆ ಮುಗಿದಂತೆ.

ಕಲಿಕಾ ಲೈಸೆನ್ಸ್ ಪ್ರಾಜಕ್ತಾ ಮಾಡಿಸಿಕೊಟ್ಟಳು. ಉಳಿದದ್ದು ಚಿಕ್ಕೋಡಿಯ ಆರ್‌ಟಿಒದಲ್ಲಿ ಪರೀಕ್ಷೆ. "ಅಲ್ಲಿ ಎಂಟ ಹಾಕಸ್ತಾರ್ರಿ ಅತ್ಯಾ" ಎಂದು ಸೊಸೆ ಹೇಳಿದಳು. "ನಾ ತೋರಸ್ಲೇನು?"

"ನನಗ ತೋರಸ್ತೀಯೇನ? ನಿನಗ ಗಾಡಿ ಕಲಸಿದಾಕಿ ಯಾರು?" ಎಂದು ಅಕ್ಕುತಾಯಿ ಹುಬ್ಬು ಗಂಟಿಕ್ಕಿದಳು. ಶಿಷ್ಯೆಯರು ಕೂಡ ಎಂಟು ಎಂಟು ಎಂದು ಹೆದರಿ ಸಾಯುತ್ತಿದ್ದುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಅದೇನು ಬ್ರಹ್ಮವಿದ್ಯೆಯೇ? ಎಂಟು ಅವಳಿಗೆ ಬರುವುದಿಲ್ಲವೇ?

ಬರುತ್ತಿತ್ತು. ಮಹಾರಾಷ್ಟ್ರದ ಗಡಿಯ ಊರಿನ ಇತರ ಮಕ್ಕಳ ಹಾಗೆ ಅವಳು ಸಣ್ಣವಳಿದ್ದಾಗ ಮರಾಠಿ ಶಾಲೆಗೆ ಹೋದವಳು. ಪಾಟಿಯ ಮೇಲೆ ಗುರೂಜಿ ಕೈ ಹಿಡಿದು ಬರೆಸಿದ್ದ ಎಂಟು ಅವಳ ಬೆರಳಿನಲ್ಲಿ ಹಾಗೇ ಕೂತಿತ್ತು. ಮೇಲಿನಿಂದ ಇಳಿಯಬೇಕು, ಕೆಳಗೆ ಬಂದು ಒಂದು ಸಲ ಬಾಗಬೇಕು, ಬಾಗಿ ಬಲಕ್ಕೆ ಹೋಗಿಬಿಡಬೇಕು: ८. ಇಂಗ್ಲಿಷ್ ಅಂಕಿ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಮೊಬೈಲಿನಲ್ಲಿ ದಿನಾ ಒತ್ತುತ್ತಿದ್ದಳು. ಆದರೆ ಎಂಟು ಹಾಕು ಎಂದರೆ ಕೈಗೆ ಬರುವುದು ಬರೆದು ಕಲಿತ ಎಂಟೇ ಅಲ್ಲವೇ? ಸೊಸೆ ಕೆಲಸಕ್ಕೆ ಹೋದ ಮೇಲೆ ಅವಳು ಮನೆಯ ಹಳೆಯ ಸ್ಕೂಟರ್ ತೆಗೆದು, ರಾಣವ್ವನ ತುದಿಯ ಬಯಲಿನಲ್ಲಿ ಎಂಟು ಹಾಕಿದಳು. ಇಳಿದಳು, ಬಾಗಿದಳು, ಬಲಕ್ಕೆ ಹೋದಳು. ಮತ್ತೆ ಹಾಕಿದಳು. ರಾಜಾರಾಮ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ ನೋಡಿದ. "ಏನ ಮಾಡಾಕತ್ತೀಯ?" ಎಂದು ಕೇಳಿದ. "ಎಂಟ" ಎಂದಳು. ಅವನೂ ಮರಾಠಿ ಶಾಲೆಯವನೇ. "ಮಸ್ತ್ ಬರತೈತಿ" ಎಂದು ತಲೆಯಾಡಿಸಿದ.

ಪರೀಕ್ಷೆಯ ದಿನ ಚಿಕ್ಕೋಡಿಯ ಮೈದಾನದಲ್ಲಿ ಹಿಂದಿನ ದಿನದ ಮಳೆಗೆ ಸುಣ್ಣದ ಗೆರೆಗಳೆಲ್ಲ ತೊಳೆದು ಹೋಗಿದ್ದವು. ಇನ್ಸ್‌ಪೆಕ್ಟರ್ ಸಾಹೇಬರು ಸಮಾಧಾನದ ಮನುಷ್ಯ. ಸಾಲಿನಲ್ಲಿ ಬಹಳಷ್ಟು ಹುಡುಗರಿದ್ದರು. "ಹೆಣ್ಮಕ್ಕಳು ಮೊದ್ಲ ಬರ್ರಿ" ಎಂದು ಅವರು ಗೌರವದಿಂದ ಕರೆದದ್ದೇ ತಪ್ಪಾಯಿತೆನ್ನಬೇಕು. ಬೇರೆಯವರು ಹಾಕುವುದನ್ನು ನೋಡುವ ಅವಕಾಶ ಅಕ್ಕುತಾಯಿಗೆ ಸಿಗಲಿಲ್ಲ.

"ಎಂಟ ಹಾಕ್ರಿ ಅಮ್ಮಾ" ಎಂದರು ಸಾಹೇಬರು.

ಅಕ್ಕುತಾಯಿ ಎದೆ ಗಟ್ಟಿ ಮಾಡಿದಳು. ಮೇಲಿನಿಂದ ಇಳಿದಳು. ಕೆಳಗೆ ಬಂದು ಚೆಂದವಾಗಿ ಒಂದು ಸಲ ಬಾಗಿದಳು. ಬಾಗಿ ಬಲಕ್ಕೆ ಹೋದಳು. ಬಲಕ್ಕೆ ಮೈದಾನದ ಗೇಟು ಇತ್ತು. ಗೇಟು ತೆರೆದಿತ್ತು.

"ಅತ್ಯಾ!" ಎಂದು ಪ್ರಾಜಕ್ತಾ ಕೂಗುವಷ್ಟರಲ್ಲಿ ಅತ್ತೆ ರಸ್ತೆಗೆ ಇಳಿದಾಗಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅವಳ ಗಾಡಿಯ ಕೆಳಗೆ ರಾಣವ್ವ ಬಿಟ್ಟು ಬೇರೆ ಡಾಂಬರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಪಕ್ಕದಲ್ಲಿ ಬಸ್ಸು ಹಾಯಿತು, ಬಾಳೆಹಣ್ಣಿನ ಗಾಡಿಯವನು ಏನೋ ಬೈದ. ಅವಳು ಹೆದರಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದಳು. ಆದರೆ ನೆಟ್ಟಗೆ ಹೋಗುವುದು ಅವಳಿಗೆ ಹೊಸದೇ? ಒಂದಷ್ಟು ದೂರ ಹೋದ ಮೇಲೆ ಭಯ ಇಳಿದು ಖುಷಿ ಏರಿತು. ಇದೂ ರಾಣವ್ವನೇ, ಇಲ್ಲಿ ಮಂದಿ ಹೆಚ್ಚು, ಅಷ್ಟೇ. ತಿರುಗಲು ಜಾಗ ಹುಡುಕುತ್ತ ಹೋದಳು. ಒಂದು ಪೆಟ್ರೋಲ್ ಬಂಕಿನ ಅಗಲವಾದ ಅಂಗಳ ಕಂಡಿತು. ಅದರೊಳಗೆ ನುಗ್ಗಿ ದೊಡ್ಡದಾಗಿ ಸುತ್ತು ಹಾಕಿದಳು. "ಎಷ್ಟ ಹಾಕ್ಲಿ ಅಕ್ಕಾರ?" ಎಂದು ಬಂಕಿನವನು ಪೈಪು ಹಿಡಿದು ನಿಂತ. "ಈಗ ಬ್ಯಾಡಪಾ, ಪರೀಕ್ಷಾ ನಡದೈತಿ" ಎಂದು ಹೇಳಿ ಹೊರಟು, ಬಂದ ದಾರಿಯಲ್ಲೇ ವಾಪಸು ಬಂದು, ಸಾಹೇಬರ ಬೂಟಿನ ಮುಂದೆ ಎರಡೂ ಬ್ರೇಕು ಹಿಡಿದು ನಿಂತಳು.

"ಹಾಕಿದ್ನಿರಿ ಸಾಹೇಬ್ರ."

ಸಾಹೇಬರು ಗೇಟಿನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದರು. "ಅಮ್ಮಾ, ಎಂಟ ಹಾಕ್ರಿ ಅಂದ್ರ ಚಿಕ್ಕೋಡಿ ನೋಡಿ ಬಂದ್ರಲ್ರಿ?"

ಸಾಲಿನಲ್ಲಿದ್ದ ಹುಡುಗರು ಕೇಕೆ ಹಾಕಿ ನಕ್ಕರು. ಅಕ್ಕುತಾಯಿಗೆ ಸಿಟ್ಟು ಬಂತು. ಗಾಡಿಯಿಂದ ಇಳಿದು, ಹಸಿ ಮಣ್ಣಿನ ಮೇಲೆ ಕೂತು, ಬೆರಳಿನಿಂದ ದೊಡ್ಡದಾಗಿ ಬರೆದು ತೋರಿಸಿದಳು. "ಇದ ಎಂಟ ಅಲ್ಲೇನ್ರಿ? ಸುಳ್ಳೇನು?"

ಪ್ರಾಜಕ್ತಾ ಹಣೆ ಬಡಿದುಕೊಂಡು ಅವಳ ಪಕ್ಕಕ್ಕೆ ಕೂತಳು. ಆ ಎಂಟಿನ ಬದಿಯಲ್ಲಿ ಇನ್ನೊಂದು ಬರೆದಳು: ಒಂದರ ತಲೆಯ ಮೇಲೆ ಒಂದು ಕೂತ ಎರಡು ಬಳೆ. "ಈ ಎಂಟ್ರಿ ಅತ್ಯಾ. 8. ಇದರ ಮ್ಯಾಲ ಹೋಗೂದೈತಿ."

ಸಾಹೇಬರು ಬಗ್ಗಿ ಎರಡನ್ನೂ ನೋಡಿದರು. ಅವರೂ ಗಡಿಯ ಕಡೆಯವರೇ. ಅವರಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಎಂಟ ಖರೇನ ಐತ್ರಿ ಅಮ್ಮಾ, ತಪ್ಪಿಲ್ಲ. ಆದ್ರ ಸರ್ಕಾರ ಈ ಎಂಟ ಕೇಳತೈತಿ. ಒಂದ ವಾರ ಬಿಟ್ಟ ಬರ್ರಿ."

ಬರುವಾಗ ಅಕ್ಕುತಾಯಿ ಸೊಸೆಯ ಹಿಂದೆ ಕೂತಳು. ರಾಯಬಾಗ ದಾಟುವಾಗ ಪ್ರಾಜಕ್ತಾಳ ಬೆನ್ನು ನಗುವಿನಿಂದ ಅಲುಗಾಡುತ್ತಿತ್ತು. ಅತ್ತೆಯೂ ನಗುತ್ತಿದ್ದಾಳೆಂದೇ ಅವಳು ತಿಳಿದಿದ್ದಳು. ಮನೆಗೆ ಬಂದು ನೋಡಿದರೆ ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

"ಇಷ್ಟ ವರ್ಷ ಎಲ್ಲಾರೂ ಮಾಸ್ತರಬಾಯಿ ಮಾಸ್ತರಬಾಯಿ ಅಂದ್ರು" ಎಂದಳು ಅಕ್ಕುತಾಯಿ. "ನನಗ ಗಾಡಿ ತಿರಗಸಾಕ ಬರೂದಿಲ್ಲ ಪ್ರಾಜಕ್ತ. ಬರತೈತಿ ಅಂದ್ಕೊಂಡಿದ್ನಿ. ಬರೂದಿಲ್ಲ."

ಪ್ರಾಜಕ್ತಾಳ ನಗು ಅಲ್ಲಿಗೆ ನಿಂತಿತು. ಅವಳು ಒಳಗೆ ಹೋಗಿ ಸುಣ್ಣದ ಡಬ್ಬಿ ತಂದಳು. ಬಾಗಿಲಿಲ್ಲದ ಆ ಹಳೆಯ ತಗಡಿನ ಕೋಣೆಯ ಮುಂದೆ, ಅಂಗಳದಲ್ಲಿ ರಂಗೋಲಿ ಹಾಕುವ ಹಾಗೆ ಹಿಂದಕ್ಕೆ ಹೆಜ್ಜೆ ಇಡುತ್ತ, ದೊಡ್ಡದೊಂದು ಎಂಟು ಬರೆದಳು.

ಆ ವಾರದ ಕತೆ ಹೇಳಿದರೆ ಅಕ್ಕುತಾಯಿ ಈಗಲೂ ಮುಖ ಮುಚ್ಚಿಕೊಳ್ಳುತ್ತಾಳೆ. ಮೊದಲ ದಿನ ಮೊದಲ ಬಳೆಯಲ್ಲೇ ಬಿದ್ದಳು. ಎರಡನೆಯ ದಿನ ಮೊದಲ ಬಳೆ ದಾಟಿ ನೆಟ್ಟಗೆ ಹೋಗಿ ಒಣಹಾಕಿದ ಜೋಳದ ರಾಶಿ ಹೊಕ್ಕಳು. ಸುದ್ದಿ ತಿಳಿದು ಶಿಷ್ಯೆಯರು ಬಂದರು. ಡೇರಿಯವಳು ಬಂದಳು, ಸತ್ತಿಯಿಂದ ಕಾಳವ್ವ ಬಂದಳು. ಎಲ್ಲರೂ ಸಾಲಾಗಿ ಕೂತು ಶೇಂಗಾ ತಿನ್ನುತ್ತ ಗುರುವಿಗೆ ಪಾಠ ಹೇಳಿದರು. "ಎಡಕ್ಕ! ಎಡಕ್ಕ!" ಎಂದು ಒಬ್ಬಳು, "ಬ್ರೇಕ ಬ್ಯಾಡ!" ಎಂದು ಇನ್ನೊಬ್ಬಳು. ಇಷ್ಟು ವರ್ಷ ಬೈಸಿಕೊಂಡವರಿಗೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದು ಸಿಗಲಾರದು.

"ಮುಂದ ನೋಡಬ್ಯಾಡ್ರಿ ಅತ್ಯಾ" ಎಂದಳು ಪ್ರಾಜಕ್ತಾ. "ಎಲ್ಲಿಗೆ ಹೋಗೂದೈತಿ ಅಲ್ಲಿ ನೋಡ್ರಿ."

"ಮುಂದ ನೋಡಬ್ಯಾಡಂತ? ಹಂಗಾರ ನಾ ಇಷ್ಟ ಮಂದಿಗಿ ತಪ್ಪ ಕಲಿಸೀನೇನ?"

"ತಪ್ಪ ಅಲ್ರಿ. ಅರ್ಧಾ ಕಲಿಸೀರಿ. ಉಳದಿದ್ದ ಅರ್ಧಾ ನಾವು ಬಿದ್ದ ಕಲತೇವಿ. ಈಗ ನೀವು ಬೀಳ್ರಿ."

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕುತಾಯಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಸೊಸೆ ಹೇಳಿದ್ದು ನಿಜವೆಂದು ಅವಳಿಗೆ ಅನ್ನಿಸಿತು. ಗಾಡಿ ಎತ್ತಿ ನಿಲ್ಲಿಸಿ, ಕತ್ತನ್ನು ಬಲವಂತವಾಗಿ ಎಡಕ್ಕೆ ತಿರುಗಿಸಿ, ಗೆರೆ ಎಲ್ಲಿ ಬಾಗುತ್ತದೋ ಅಲ್ಲಿ ಕಣ್ಣು ನೆಟ್ಟಳು. ಗಾಡಿ ಕಣ್ಣಿನ ಹಿಂದೆ ಹೋಯಿತು. ಅವಳಿಗೇ ನಂಬಿಕೆಯಾಗಲಿಲ್ಲ. ಇತ್ತ ಅವಳು ಸುತ್ತುತ್ತಿದ್ದರೆ ಅತ್ತ ರೂಪೇಶನ ಕಡೆಯವರು ಲಾರಿಯಿಂದ ಬೇಲಿಯ ಕಂಬ ಇಳಿಸುತ್ತಿದ್ದರು. ಕಂಬ ಹಾಕುವ ಗುಂಡಿಗಳು ದಿನ ದಿನಕ್ಕೆ ಹತ್ತಿರ ಬರುತ್ತಿದ್ದವು. ಅವರಿಗಿಂತ ಮೊದಲು ಕಲಿತು ಮುಗಿಸಬೇಕೆಂದು ಅವಳು ಊಟ ಬಿಟ್ಟು ಸುತ್ತಿದಳು. ಒಂದು ಬಳೆ ಚೆನ್ನಾಗಿ ಬಂದರೆ ಇನ್ನೊಂದರಲ್ಲಿ ಕಾಲು ಊರುತ್ತಿದ್ದಳು. ಎರಡೂ ಬಳೆಯನ್ನು ಕಾಲೂರದೆ ಅವಳು ಒಂದು ಸಲವೂ ಮುಗಿಸಿರಲಿಲ್ಲ. ಹಾಗೆಯೇ ವಾರ ಮುಗಿಯಿತು.

ಚಿಕ್ಕೋಡಿಯಲ್ಲಿ ಈ ಸಲ ಸುಣ್ಣದ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಸಾಹೇಬರು ಅವಳನ್ನು ನೋಡಿದವರೇ, "ಗೇಟ ಹಾಕ್ರಪಾ ಮೊದ್ಲ" ಎಂದು ಪೇದೆಗೆ ಹೇಳಿದರು. ಜೊತೆಗೆ ಬಂದಿದ್ದ ಕಾಳವ್ವ ಗೋಡೆಯ ಹತ್ತಿರ ಕಣ್ಣು ಮುಚ್ಚಿ ನಿಂತಳು. ಪ್ರಾಜಕ್ತಾ ಉಗುರು ಕಚ್ಚುತ್ತಿದ್ದಳು. ಆ ದಿನ ಬೆಳಿಗ್ಗೆಯೇ ಒಕ್ಕೂಟದ ಅಧ್ಯಕ್ಷೆಯ ಫೋನು ಬಂದಿತ್ತು: ಸೋಮವಾರ ವರ್ಗ ಶುರು, ಮಾಸ್ತರಬಾಯಿ ಬರುತ್ತಾಳೋ ಇಲ್ಲವೋ ಇವತ್ತೇ ಹೇಳಬೇಕು.

ಅಕ್ಕುತಾಯಿ ಹೊರಟಳು. ಮೊದಲ ಬಳೆಯ ಬಾಗಿನಲ್ಲಿ ಕಣ್ಣಿಟ್ಟಳು, ಗಾಡಿ ಬಾಗಿತು. ನಡುವಿನ ಗಂಟು ದಾಟುವಾಗ ಹಳೆಯ ಚಟ ಅವಳನ್ನು ನೆಟ್ಟಗೆ ಎಳೆಯಿತು, ಗಾಡಿ ಒಂದು ಗಳಿಗೆ ಅಲುಗಿತು, ಬಲಗಾಲು ನೆಲದ ಕಡೆ ಇಳಿಯಿತು. ಅವಳು ಹಲ್ಲು ಕಚ್ಚಿ ಕತ್ತು ತಿರುಗಿಸಿದಳು. ಕಾಲು ನೆಲ ಮುಟ್ಟದೆ ಮೇಲೆ ಬಂತು. ಎರಡನೆಯ ಬಳೆ ಬೆಣ್ಣೆಯ ಹಾಗೆ ಬಂತು. ಹೊರಟಲ್ಲಿಗೇ ಬಂದಳು.

"ಪಾಸ್ ಆದ್ರಿ ಅಮ್ಮಾ! ನಿಲ್ಲಸ್ರಿ!" ಎಂದರು ಸಾಹೇಬರು.

ಅವಳು ನಿಲ್ಲಿಸಲಿಲ್ಲ. ಹೊರಟ ಜಾಗ ದಾಟಿ ಮತ್ತೆ ಮೊದಲ ಬಳೆ ಹೊಕ್ಕಳು. ರಾಣವ್ವನ ಮೇಲೆ ಎಷ್ಟು ಜೋರಾಗಿ ಹೋದರೂ ತುದಿ ಬರುತ್ತಿತ್ತು, ಬ್ರೇಕು ಹಿಡಿಯಬೇಕಿತ್ತು. ಇದಕ್ಕೆ ತುದಿಯೇ ಇರಲಿಲ್ಲ. ಒಂದು ಸುತ್ತು ಮುಗಿಯುವಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಅವಳ ಸೆರಗು ಹಾರುತ್ತಿತ್ತು, ಅವಳು ಗಟ್ಟಿಯಾಗಿ ನಗುತ್ತಿದ್ದಳು, ಸಾಲಿನಲ್ಲಿದ್ದ ಹುಡುಗರು ಸಿಳ್ಳೆ ಹಾಕುತ್ತಿದ್ದರು.

"ಅಮ್ಮಾ, ಹಿಂದ ಮಂದಿ ನಿಂತಾರ್ರಿ! ಸಾಕ ಮಾಡ್ರಿ!"

"ತಡೀರಿ ಸಾಹೇಬ್ರ!" ಎಂದು ಅಕ್ಕುತಾಯಿ ಎರಡನೆಯ ಬಳೆಯಿಂದ ಕೂಗಿದಳು. "ಹುಟ್ಟಿದಾಗಿಂದ ನೆಟ್ಟಗ ಹೋಗೇನಿ. ಒಂದೀಟ ತಿರಗತೇನಿ!"